ಮೂಟೆ ಹೊಲಿಗೆ ಹಾಕಿದ ಪ್ಯಾಂಟು

"ಲಾರಿಗಟ್ಟಲೆ ಮೂಟೆ ಬಾಯಿ ಹೊಲಿಯೋನು ಕಣಮ್ಮಿ ನಾನು! ಒಂದು ಪ್ಯಾಂಟು ಹೊಲಿಯಕ್ಕೆ ನಿನ್ ಮುಂದೆ ಕೈಕಟ್ಕೊಂಡು ನಿಂತ್ಕಬೇಕಾ?" ಎಂದು ಹರವೆಯ ಗಂಗಾಧರಸ್ವಾಮಿ ಮೀಸೆ ತಿರುವಿದ.

ಅವನು ಬದನಗುಪ್ಪೆಯ ಪಶು ಆಹಾರದ ಕಾರ್ಖಾನೆಯಲ್ಲಿ ಬೂಸಾ ಮೂಟೆ ಹೊಲಿಯುವ ಮಹಾಶೂರ. ಹೆಂಡತಿ ಶಿವರಂಜಿನಿ ಊರಿಗೆಲ್ಲ ರವಿಕೆ ಹೊಲಿಯುವವಳು. ಎರಡು ದಿನ ಕಳೆದರೆ ಗುಂಡ್ಲುಪೇಟೆಯಲ್ಲಿ ಅವನ ಅಕ್ಕನ ಮಗಳು ರಮ್ಯಳ ನಿಶ್ಚಿತಾರ್ಥ. ಸೋದರಮಾವನಾಗಿ ತಾಂಬೂಲದ ತಟ್ಟೆ ಹಿಡಿಯುವವನು ಇವನೇ. ಹೊಸ ಪ್ಯಾಂಟು ಹೊಟ್ಟೆಗೆ ಸಾಲದೆ, ಸಡಿಲ ಮಾಡಲೆಂದು ಶಿವರಂಜಿನಿ ಹಿಂಬದಿಯ ಹೊಲಿಗೆ ಬಿಚ್ಚಿಟ್ಟಿದ್ದಳು. ಆದರೆ ಅವಳ ಜೀವವೆಲ್ಲ ರಮ್ಯಳ ರವಿಕೆಯ ಮೇಲೆ. ಅದನ್ನು ನೋಡಿಯೇ ಮದುವೆಯ ರವಿಕೆಗಳನ್ನೆಲ್ಲ ಅವಳಿಗೆ ಹೊಲಿಯಲು ಕೊಡುವುದೋ ಬಿಡುವುದೋ ಎಂದಿದ್ದರು ಗಂಡಿನ ಕಡೆಯವರು.

"ವಸಿ ತಡೀರಿ. ಅಲ್ಲಿಗೆ ಮೇಲ್ದಾರ, ಕೆಳಗಿನ ಬಾಬಿನ್ ದಾರ ಎರಡೂ ಹೆಣ್ಕೊಳ್ಳೋ ಲಾಕ್ ಹೊಲಿಗೆನೇ ಆಗ್ಬೇಕು. ಅಂಚಿಗೆ ಜಿಗ್‌ಜಾಗ್ ಹಾಕ್ದಿದ್ರೆ ನೂಲು ಬುಟ್ಕತದೆ. ನಿಮ್ ಮೂಟೆದು ಚೈನ್ ಹೊಲಿಗೆ ಕಣ್ರೀ, ಅದನ್ನ ತುದಿ ಎಳುದು ಬಿಚ್ಚಕ್ಕೇಂತ್ಲೇ ಹಾಕೋದು!"

"ಮೂಟೆ ಬೂಸಾ ತಡ್ಯೋ ಹೊಲಿಗೆ ನನ್ ಮೈ ತಡ್ಯದಿಲ್ವಾ?"

ಉತ್ತರಕ್ಕೆ ಕಾಯುವ ಜಾಯಮಾನವೇ ಅವನದಲ್ಲ! ಪ್ಯಾಂಟನ್ನು ಬುತ್ತಿಚೀಲಕ್ಕೆ ತುರುಕಿ ಕಾರ್ಖಾನೆಗೆ ಹೊತ್ತೊಯ್ದ. ಊಟದ ಬಿಡುವಿನಲ್ಲಿ ಮೂಟೆ ಮಿಷಿನ್ನು ಗರ್ರ್ ಎಂದಿತು. ಕೋಟೆಗೋಡೆಯಂಥ ಹೊಲಿಗೆ!

ನಿಶ್ಚಿತಾರ್ಥದ ದಿನ ತಟ್ಟೆ ಹಿಡಿದು ರಾಜಗಾಂಭೀರ್ಯದಿಂದ ನಿಂತ. ಅಂಗಿಯ ಕೆಳಗೆ ಬಿಳಿ ದಾರದ ತುದಿಯೊಂದು ಬಾಲದಂತೆ ತೂಗುತ್ತಿತ್ತು. ಹಿಂದೆಯೇ ಕುಳಿತಿದ್ದವರು ಗಂಡಿನ ತಾತ ಚಿಕ್ಕಮಲ್ಲಪ್ಪ, ಮನೆತುಂಬ ಹಸು ಕಟ್ಟಿದವರು. ದಿನಬೆಳಗಾದರೆ ಬೂಸಾ ಮೂಟೆ ಬಿಚ್ಚುವ ಕೈ! ಬಿಳಿ ದಾರ ಕಂಡದ್ದೇ ತಡ, ಹಿಡಿದು ಎಳೆದೇಬಿಟ್ಟಿತು.

ಸರ್ರ್!

ಸೊಂಟದಿಂದ ಕೆಳತನಕ ಬಟಾಬಯಲು! ಸಾಲದೆಂದು ತಾತ ಎರಡೂ ಕೈಯನ್ನು ಬೊಗಸೆ ಮಾಡಿ ಕೆಳಗೆ ಒಡ್ಡಿದರು.

"ಅಯ್ಯೋ ಶಿವ್ನೇ! ಬೂಸಾ ಚೆಲ್ಬುಡ್ತದೆ ಅಂದ್ಕಬುಟ್ಟೆ ಕಣಪ್ಪ!"

ತಾಂಬೂಲವನ್ನು ನೆಲಕ್ಕಿಡುವಂತಿಲ್ಲ, ಹಿಂದೆ ಮುಚ್ಚಿಕೊಳ್ಳಲು ಕೈಯಿಲ್ಲ. ಗಂಗಾಧರಸ್ವಾಮಿ ಹಿಂದಿಂದಕ್ಕೇ ನಡೆದು ಗೋಡೆಗೆ ಹಲ್ಲಿಯಂತೆ ಅಂಟಿಕೊಂಡ. ಅಷ್ಟರಲ್ಲಿ ಗಂಡಿನ ತಾಯಿ ಸುಧಾಮಣಿ ಮೂಗಿನ ಮೇಲೆ ಬೆರಳಿಟ್ಟರು.

"ಟೈಲರಮ್ಮನ ಗಂಡನ ಪ್ಯಾಂಟೇ ಹಿಂಗಾದ್ರೆ, ನಮ್ ರವಿಕೆ ಗತಿ ಏನವ್ವ?"

ಶಿವರಂಜಿನಿಯ ಮುಖ ಕಪ್ಪಿಟ್ಟಿತು. ಆದರೂ ಗಂಡನ ಮಾನ ಹೋದೀತೆಂದು ತುಟಿ ಬಿಚ್ಚಲಿಲ್ಲ. ಉಳಿದಿದ್ದ ಅಷ್ಟಿಷ್ಟು ಮಾನವನ್ನು ಗಂಗಾಧರಸ್ವಾಮಿಯೇ ಕೈಬಿಟ್ಟ.

"ಅವ್ಳು ಹೊಲಿದಿದ್ದಲ್ಲ ಕಣ್ರವ್ವಾ! ಬ್ಯಾಡ ಬ್ಯಾಡ ಅಂದ್ಲು. ನಾನೇ ಮೂಟೆ ಮಿಷಿನ್ನಿಗೆ ಕೊಟ್ಬುಟ್ಟೆ!"

ಮನೆಯೆಲ್ಲ ಗೊಳ್ ಎಂದಿತು. ಸುಧಾಮಣಿ ರಮ್ಯಳ ತೋಳು ಹಿಡಿದು, ರವಿಕೆಯ ಹೊಲಿಗೆಯನ್ನು ಜಗ್ಗಿ ಜಗ್ಗಿ ನೋಡಿದರು. ಊಹೂಂ, ಒಂದೆಳೆಯೂ ಅಲುಗಲಿಲ್ಲ. ಶಿವರಂಜಿನಿಯತ್ತ ತಿರುಗಿದರು.

"ರವಿಕೆಗಳೆಲ್ಲ ನಿಂಗೇ ಕಣವ್ವ. ಮದ್ವೇಲಿ ನಿನ್ ಯಜಮಾನ್ರಿಗೂ ಒಂದು ಪ್ಯಾಂಟ್ ಬಟ್ಟೆ ಕೊಡ್ತೀವಿ."

"ಬ್ಯಾಡ ಬುಡವ್ವ," ಎಂದರು ಚಿಕ್ಕಮಲ್ಲಪ್ಪ, ಕೈಯಲ್ಲಿನ ದಾರವನ್ನು ಉಂಡೆ ಸುತ್ತುತ್ತ. "ಪಂಚೆ ಕೊಡನ. ಅದ್ಕೆ ಹೊಲಿಗೇನೇ ಇರದಿಲ್ಲ!"