ಹಂದಿ ಮಾಲನ್ ಕೆಟ್ಟ ಹೆಸರು ತೆಗೆದುಕೊಳ್ಳಲು ಹೋದದ್ದು

ಶನಿವಾರ ಬೆಳಿಗ್ಗೆ ಮಾಲನ್ ಶ್ಲಾಬಾಕ್ ಹಂದಿಗಳಿಗೆ ಮುಸುರೆ ಸುರಿಯುತ್ತಿದ್ದಾಗ, ಹೆಂಡತಿಯ ಅಣ್ಣ ಈನಾಸ್ ಬೇಲಿಯಾಚೆ ಕುದುರೆಗಾಡಿ ನಿಧಾನಿಸಿ ಒಂದು ಮಾತು ಎಸೆದು ಹೋದ. "ನಾಳೆ ಬೋಧಕರ ಆಯ್ಕೆಗೆ ಮಾಲನ್ ಹೆಸರೇ ಜೋರಾಗಿದೆಯಂತೆ."

ಮಾಲನ್ ಕೈಯಲ್ಲಿದ್ದ ಬಕೆಟ್ಟು ಹಂದಿಯ ತಲೆಯ ಮೇಲೆ ಬಿತ್ತು.

ಹಳೆಯ ಕಾಲದ ಸರಳ ಬದುಕನ್ನೇ ಹಿಡಿದುಕೊಂಡ ಕ್ರೈಸ್ತರಾದ ನಮ್ಮ ಪ್ಲಮ್ ರನ್ ಊರಿನ ಆಮಿಶ್ ಸಭೆಯಲ್ಲಿ ಬೋಧಕನೆಂದರೆ ಸಂಬಳವಿಲ್ಲದ, ರಜೆಯಿಲ್ಲದ, ಸಾಯುವವರೆಗೆ ಬಿಡದ ಕೆಲಸ. ಚೀಟಿಯೊಂದನ್ನೂ ಹಿಡಿಯದೆ ಹಳೆಯ ಜರ್ಮನ್ ಭಾಷೆಯಲ್ಲಿ ಬೆವರು ಕಿತ್ತುಬರುವಂತೆ ಪ್ರವಚನ ಮಾಡಬೇಕು. ಮಾಲನ್‌ಗೋ ನಾಲ್ಕು ಜನರೆದುರು ನಿಂತರೆ ನಾಲಿಗೆ ಬಿಸಿಲಿಗಿಟ್ಟ ಬೂಟಿನಂತೆ ಒಣಗುತ್ತಿತ್ತು. ಆಯ್ಕೆಯಾದ ಮೇಲೆ ಬೇಡವೆನ್ನುವ ಹಾಗಿಲ್ಲ, ಅದು ದೇವರ ತೀರ್ಮಾನ. ಉಳಿದದ್ದು ಒಂದೇ ದಾರಿ: ಸಂಜೆಯೊಳಗೆ ಕೆಟ್ಟ ಹೆಸರು ತೆಗೆದುಕೊಳ್ಳುವುದು. ಆದರೆ ಪಾಪ ಹದವಾಗಿರಬೇಕು. ಜನ ಮತ ಹಾಕದಷ್ಟು ದೊಡ್ಡದು, ಸಭೆಯಿಂದ ಹೊರಗಟ್ಟದಷ್ಟು ಚಿಕ್ಕದು.

ಪುಣ್ಯಕ್ಕೆ ನಮ್ಮಲ್ಲಿ ಸಣ್ಣ ಪಾಪಗಳಿಗೆ ಬರವಿಲ್ಲ. ಟೋಪಿಯ ಅಂಚು ಕಿರಿದಾದರೂ ಸಾಕು, ಮನುಷ್ಯ ಶೋಕಿಗೆ ಬಿದ್ದನೆಂದೇ ಲೆಕ್ಕ. ಮಾಲನ್, ಹೆಂಡತಿ ಲವೈನಾಳ ಕತ್ತರಿ ಕದ್ದು, ಟೋಪಿಯ ಅಂಚನ್ನು ಸುತ್ತಲೂ ಕತ್ತರಿಸಿ, ಜಾನುವಾರು ಹರಾಜಿನ ಕೊಟ್ಟಿಗೆಗೆ ಹೋಗಿ ಎಲ್ಲರಿಗೂ ಕಾಣುವಂತೆ ನಿಂತ. ಕತ್ತರಿಸಿದ್ದು ಸೊಟ್ಟಗಾಗಿತ್ತು. ಕಡುಬು ಮಾರುತ್ತಿದ್ದ ವಿಧವೆ ಮಟಿಲ್ಡಾ ನೋಡಿ ಮರುಗಿದಳು. ಇಲಿ ತಿಂದ ಟೋಪಿಯನ್ನೇ ಹಾಕಿಕೊಂಡು ತಿರುಗುತ್ತೀಯಲ್ಲಪ್ಪಾ ಎಂದವಳೇ, ತೀರಿಹೋದ ಗಂಡನ ಟೋಪಿಯನ್ನು ಮನೆಯಿಂದ ತಂದು ಅವನ ತಲೆಗೆ ಒತ್ತಿದಳು. ಅದರ ಅಂಚು ಬಿಷಪ್ಪರ ಟೋಪಿಗಿಂತ ಅಗಲ. ಮಾಲನ್ ನೋಡಲು ಅಣಬೆಯಂತಾದ.

ಹೀಗೆ ಆಗದೆಂದು ಅವನು ಆಚೀಚೆ ನೋಡಿದ. ಇಳಿಜಾರಿನಲ್ಲಿ ನೆರೆಯ ಕ್ಲೇಟನ್‌ನ ಕೆಂಪು ಟ್ರಕ್ಕು ನಿಂತಿತ್ತು. ಕ್ಲೇಟನ್ ಮೆನ್ನೊನೈಟ್. ಅವರ ಪಂಗಡದಲ್ಲಿ ಮೋಟಾರು ಗಾಡಿ ಸಲ್ಲುತ್ತದೆ, ನಮ್ಮಲ್ಲಿ ಓಡಿಸುವುದು ತಪ್ಪು. ಮಾಲನ್ ಹತ್ತಿ ಕೂತು ಸ್ಟೀರಿಂಗ್ ಹಿಡಿದು, ಊರಿಗೆಲ್ಲ ಕೇಳುವಂತೆ ಹಾರ್ನ್ ಒತ್ತಿದ. ಎಲ್ಲರೂ ತಿರುಗಿ ನೋಡಿದರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಕಾಲಿಗೋ ಕೈಗೋ ಏನೋ ತಾಗಿ ಟ್ರಕ್ಕು ತಾನಾಗಿ ಹೊರಟಿತು. ಕಡುಬಿನ ಮೇಜುಗಳತ್ತ ಹೊರಟದ್ದನ್ನು ಕಂಡು ಮಾಲನ್ ಕಣ್ಣು ಮುಚ್ಚಿ ಸ್ಟೀರಿಂಗ್ ಎಳೆದ. ಟ್ರಕ್ಕು ಗೊಬ್ಬರದ ಗುಡ್ಡೆಗೆ ನುಗ್ಗಿ ನಿಂತಿತು.

ಓಡಿಬಂದ ಕ್ಲೇಟನ್‌ಗೆ ಅಳುವೊಂದೇ ಬಾಕಿ. ತಾನು ಬ್ರೇಕ್ ಹಾಕುವುದನ್ನೇ ಮರೆತಿದ್ದೆ, ಮಾಲನ್ ಹಾರಿ ಹತ್ತದಿದ್ದರೆ ಇಷ್ಟು ಹೆಂಗಸರ ಗತಿ ಏನಾಗುತ್ತಿತ್ತು ಎಂದು ಕೈ ಹಿಡಿದುಕೊಂಡ. ಇಲ್ಲ, ತಾನು ಶೋಕಿಗೆ ಹತ್ತಿದ್ದು ಎಂದು ಮಾಲನ್ ಬಾಯಿಬಿಟ್ಟು ಹೇಳಿದ. ಬಿಷಪ್ ಅಟ್ಲಿಯವರು ಅವನ ಹೆಗಲ ಮೇಲೆ ಕೈಯಿಟ್ಟರು. "ಒಳ್ಳೇದು ಮಾಡಿ ಮುಚ್ಚಿಡ್ತೀಯಲ್ಲ, ಇದಪ್ಪಾ ವಿನಯ," ಎಂದರು. ಗೊಬ್ಬರದ ವಾಸನೆಗೆ ಕೈ ಬೇಗನೆ ತೆಗೆದರು, ಅಷ್ಟೆ.

ರಾತ್ರಿಯೂಟಕ್ಕೆ ಈನಾಸ್ ಬಂದ. ಮಾಲನ್ ತಟ್ಟೆಯ ಮುಂದೆ ತಲೆ ಹಿಡಿದು ಕೂತು, ನಾಳೆ ತನ್ನ ಬಾಳು ಮುಗಿಯಿತು ಎಂದು ಗೋಳಾಡಿದ. ಈನಾಸ್‌ಗೆ ಬಾಯಲ್ಲಿದ್ದ ಆಲೂಗಡ್ಡೆ ನೆತ್ತಿಗೇರಿತು.

"ಅಯ್ಯೋ ಮಾರಾಯ, ನಾನು ಹೇಳಿದ್ದು ಸೇತುವೆ ಮಾಲನ್ ವಿಷಯ. ನಿನ್ನ ಹೆಸರು ಯಾರು ಎತ್ತುತ್ತಾರೆ? ಊಟದ ಪ್ರಾರ್ಥನೆ ಹೇಳೋಕೇ ನಿಂಗೆ ತೊದಲುತ್ತೆ."

ಸೇತುವೆ ಮಾಲನ್ ಎಂದರೆ ಹೊಳೆಯಾಚೆಯ ಉದ್ದನೆಯ ಆಸಾಮಿ. ಒಂದೇ ಹೆಸರಿನವರು ನಮ್ಮಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ. ನಮ್ಮವನು ಹಂದಿ ಮಾಲನ್. ಲವೈನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾಲನ್ ಕೂಡ ನಗಬೇಕಿತ್ತು. ಅದರ ಬದಲು, ಟ್ರಕ್ಕಿನ ಸಾಹಸ ನೋಡಿಯೂ ಯಾರೂ ಏನೂ ಅನ್ನಲಿಲ್ಲವೇ ಎಂದು ಕೇಳಿದ.

"ಒಳ್ಳೆಯವನು ಅಂದ್ರು. ಒಳ್ಳೆಯವನು ಬೇರೆ, ಬೋಧಕ ಬೇರೆ," ಎಂದ ಈನಾಸ್.

ಮಾಲನ್ ಅಂದು ಸೇಬಿನ ಕಡುಬು ಮುಟ್ಟಲಿಲ್ಲ. ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಆಯ್ಕೆ ಶುರುವಾಯಿತು. ಗಂಡಸರು, ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ತುಸುವೇ ತೆರೆದ ಬಾಗಿಲ ಸಂದಿನಲ್ಲಿ ಒಂದು ಹೆಸರು ಪಿಸುಗುಟ್ಟಬೇಕು. ಒಳಗಿದ್ದವರಿಗೆ ಮುಖ ಕಾಣದು. ಮೂರು ಸಲ ಕೇಳಿಬಂದ ಹೆಸರುಗಳ ನಡುವೆ ಚೀಟಿ ಎತ್ತುವುದು. ನಮ್ಮ ಮಾಲನ್, ಸೇತುವೆ ಮಾಲನ್‌ನ ಹೆಸರು ಹೇಳಬೇಕೆಂದೇ ಹೋದ. ಬಾಗಿಲಿಗೆ ಬಾಯಿಟ್ಟಾಗ ಮನಸ್ಸು ಚುರುಗುಟ್ಟಿತು. ಇಷ್ಟು ಜನರಲ್ಲಿ ತನ್ನ ಹೆಸರು ಒಂದು ಸಲವೂ ಬೇಡವೇ? ಒಂದರಿಂದ ಯಾರಿಗೇನು ನಷ್ಟ? ದನಿ ಬದಲಿಸಿ, "ಹಂದಿ ಮಾಲನ್," ಎಂದು ಉಸುರಿ ಬಂದು ಕೂತ. ಎದೆ ಸ್ವಲ್ಪ ಹಗುರಾಯಿತು.

ಬಿಷಪ್ಪರು ಹೊರಗೆ ಬಂದು ಇಬ್ಬರ ಹೆಸರು ಓದಿದರು. ಇಬ್ಬರೂ ಮಾಲನ್‌ಗಳೇ.

ಮೇಜಿನ ಮೇಲೆ ಎರಡು ಹಾಡಿನ ಪುಸ್ತಕ, ಒಂದರೊಳಗೆ ಚೀಟಿ. ಚೀಟಿ ಸಿಕ್ಕವನೇ ಬೋಧಕ. ಸೇತುವೆ ಮಾಲನ್ ಮೊದಲು ಎತ್ತಿಕೊಂಡ. ಉಳಿದದ್ದನ್ನು ನಮ್ಮವನು ಎತ್ತಿಕೊಂಡ. ಚೀಟಿ ಅದರಲ್ಲೇ ಇತ್ತು.

ಮನೆಗೆ ಹೊರಟಾಗ ಲವೈನಾ ಗಾಡಿಯಲ್ಲಿ ಕೂತು ಬಿಕ್ಕುತ್ತಿದ್ದಳು. ಈನಾಸ್ ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದ.

"ತಪ್ಪಾಯ್ತು ಮಾಲನ್. ನಿನ್ನೆ ನಿನ್ನ ಸಪ್ಪೆ ಮುಖ ನೋಡಿ ಪಾಪ ಅನಿಸ್ತು. ಒಂದಾದ್ರೂ ಬೀಳಲಿ ಅಂತ ನಿನ್ನ ಹೆಸರು ಹೇಳಿಬಿಟ್ಟೆ."

ಲವೈನಾಳ ಅಳು ನಿಂತಿತು. "ನೀನೂನಾ ಅಣ್ಣಾ? ನಾನೂ ಅದನ್ನೇ ಮಾಡಿದೆ. ಒಂದರಿಂದ ಏನಾಗುತ್ತೆ ಅಂದ್ಕೊಂಡೆ."

ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದರು.

"ಹಾಗಾದ್ರೆ ಆ ಮೂರನೇ ತಲೆಕೆಟ್ಟವನು ಯಾರು?" ಎಂದ ಈನಾಸ್. "ಇವತ್ತೇ ಹುಡುಕಿ ಉಗೀತೀನಿ."

ಮಾಲನ್ ಲಗಾಮು ಕೈಗೆತ್ತಿಕೊಂಡ. ನಾಲಿಗೆ ಅದೆಲ್ಲಿಂದಲೋ ಒದ್ದೆಯಾಗಿ, ಒಂದು ಸಲವೂ ತೊದಲದೆ ಮಾತು ಬಂತು.

"ಬೇಡ ಭಾವ. ಹುಡುಕೋದು ಬೇಡ. ಯಾರೇ ಆಗಿರಲಿ, ಪಾಪ, ಕ್ಷಮಿಸಿಬಿಡೋಣ."

ಅದು ಬೋಧಕ ಮಾಲನ್ ಶ್ಲಾಬಾಕ್‌ನ ಮೊದಲ ಪ್ರವಚನ. ಎಂಥ ದೊಡ್ಡ ಮನಸ್ಸು ಎಂದು ಲವೈನಾ ಮತ್ತೆ ಅಳತೊಡಗಿದಳು.