ಆಂಟಿವೈರಸ್ ಓಡುವಾಗ ಕೂತು ಕೇಳಿದ್ದು

ಗೋಕಾಕದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಕರೆದ ಊರಿಗೆ ಬೈಕ್ ಮೇಲೆ ಹೋಗುತ್ತೇನೆ, ಆಂಟಿವೈರಸ್ ಸ್ಕ್ಯಾನ್ ಹಚ್ಚುತ್ತೇನೆ, ಕುರ್ಚಿಯಲ್ಲಿ ಕೂರುತ್ತೇನೆ. ಆಮೇಲೆ ನನಗೆ ಕೆಲಸವಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿರುತ್ತದೆ, ಅದು ಮುಗಿಯುವಷ್ಟರಲ್ಲಿ ಏನಾದರೊಂದು ನಡೆದೇ ತೀರುತ್ತದೆ.

ಏನೂ ಸಿಗದ ದಿನ

ಮೂಡಲಗಿಯ ಬೆಲ್ಲದ ವ್ಯಾಪಾರಿಯೊಬ್ಬರು ಸ್ಕ್ಯಾನ್ ಮುಗಿಯುವವರೆಗೂ ನನ್ನ ಪಕ್ಕದಲ್ಲೇ ಕೂತಿದ್ದರು. ಕೊನೆಗೆ, “ಏನೂ ಇಲ್ರಿ ಕಾಕಾ, ಕಂಪ್ಯೂಟರ್ ಸ್ವಚ್ಛ ಐತಿ” ಅಂದೆ. ಅವರ ಮುಖ ಸಣ್ಣದಾಯಿತು.

“ಒಂದೂ ವೈರಸ್ ಸಿಗಲಿಲ್ಲಾ? ಹೋದ ಸಲ ಬಂದಾವ ಭಾಳ ತಗದಿದ್ದ.”

“ಅವರು ಎಲ್ಲಾ ತಗದಾರ್ರಿ, ಅದಕ್ಕ ನನಗ ಸಿಗಲಿಲ್ಲ.”

ಕಾಕಾ ನನ್ನ ಹೆಗಲ ಮೇಲೆ ಕೈಯಿಟ್ಟರು. “ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ಸಲ ನಿಮ್ಮನ್ನ ಮೊದಲ ಕರೀತೀನಿ. ನಿಮಗೂ ನಾಕು ಸಿಗ್ಲಿ.”

ಇಬ್ಬರು ಕಾವಲುಗಾರರು

ಹುಕ್ಕೇರಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಚಾಚಾ ಕರೆಸಿದ್ದರು. ಅವರ ಕಂಪ್ಯೂಟರ್ ಅಲ್ಲಾಡುತ್ತಿರಲಿಲ್ಲ. ನೋಡಿದರೆ ಒಳಗೆ ಎರಡು ಆಂಟಿವೈರಸ್. ಇದು ಅದನ್ನು ಕಳ್ಳನೆಂದು ಹಿಡಿಯುತ್ತದೆ, ಅದು ಇದನ್ನು ಹಿಡಿಯುತ್ತದೆ. ಬೇರೆ ಕೆಲಸಕ್ಕೆ ಕಂಪ್ಯೂಟರಿಗೆ ಪುರುಸೊತ್ತೇ ಇಲ್ಲ.

“ಒಂದನ್ನ ತಗೀಬೇಕ್ರಿ ಚಾಚಾ. ಯಾವದು ತಗೀಲಿ?”

ಚಾಚಾ ಹೊರಗೆ ಇಣುಕಿ ನೋಡಿ ದನಿ ತಗ್ಗಿಸಿದರು. “ಒಂದು ಅಳಿಯ ಹಾಕ್ಯಾನ, ಇನ್ನೊಂದು ಹೆಂಡ್ತಿ ತಮ್ಮ ಹಾಕ್ಯಾನ. ಇಬ್ರೂ ಬಂದಾಗೆಲ್ಲ ತಮ್ಮದು ಐತಿಲ್ಲೋ ಅಂತ ನೋಡ್ತಾರ.”

“ಎರಡೂ ಇದ್ರ ಕಂಪ್ಯೂಟರ್ ನಡಿಯಂಗಿಲ್ರಿ.”

ಅವರು ಗಡ್ಡ ಸವರಿಕೊಂಡು ವಿಚಾರ ಮಾಡಿದರು. “ಅವೆರಡೂ ಇದರಾಗ ಇರ್ಲಿ. ಕೆಲಸಕ್ಕ ಬ್ಯಾರೆ ಕಂಪ್ಯೂಟರ್ ಒಂದು ನೋಡ್ರಿ.”

ಯಾರ ಮನೆಯದು?

ಕಲ್ಲೋಳಿಯ ಮನೆಯೊಂದರಲ್ಲಿ ಹೊಸ ಸೊಸೆ ಮಮದಾಪುರದ ತವರಿನಿಂದ ಮದುವೆ ವಿಡಿಯೋದ ಪೆನ್‌ಡ್ರೈವ್ ತಂದಿದ್ದಳು. ಕಂಪ್ಯೂಟರಿಗೆ ಹಾಕಿದ್ದೇ ತಡ, ವಿಡಿಯೋ ಮಾಯ. “ಸೊಸಿ ತವರಮನಿಯಿಂದ ವೈರಸ್ ತಂದಾಳ” ಎಂದು ಅತ್ತೆ ಓಣಿಗೆಲ್ಲ ಹೇಳಿಬಿಟ್ಟರು. ಮಾತು ಮಮದಾಪುರಕ್ಕೂ ಮುಟ್ಟಿತು. ನಾನು ಹೋಗುವಷ್ಟರಲ್ಲಿ ಸೊಸೆಯ ತಂದೆ ಬಂದು ಕೂತಿದ್ದರು.

“ನನ್ನ ಮಗಳಿಗೆ ಹಿಂತಾ ಹೆಸರು ಬರೂದಾದ್ರ ಇವತ್ತ ಕರ್ಕೊಂಡು ಹೋಗ್ತೀನ್ರಿ ಬೀಗರ” ಅಂದರು.

ಹುಡುಗಿಯ ಮಾವ ನನ್ನ ಕಡೆ ತಿರುಗಿದರು. “ವೈರಸ್ ತಗಿಯೂದು ಆಮ್ಯಾಲ. ಮೊದಲ ಅದು ಯಾರ ಮನೀದು ಹೇಳ್ರಿ.”

ಸೊಸೆ ಅಡುಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ನೋಡಿ ನನಗೆ ಕೆಡುಕೆನಿಸಿತು. ಸ್ಕ್ಯಾನ್ ಬೇಗ ಮುಗಿಯಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು.

ಮುಗಿಯಿತು. ವಿಡಿಯೋ ಎಲ್ಲೂ ಹೋಗಿರಲಿಲ್ಲ, ವೈರಸ್ ಅದನ್ನು ಬಚ್ಚಿಟ್ಟಿತ್ತು. ನಾನು ತಾರೀಖು ನೋಡಿ ಹೇಳಿದೆ: “ಈ ವೈರಸ್ ಹೋದ ವರ್ಷದ್ದು ಐತ್ರಿ. ಮದವಿಗಿಂತ ಮೊದಲ ಈ ಕಂಪ್ಯೂಟರ್‌ನ್ಯಾಗ ಇತ್ತು. ಪೆನ್‌ಡ್ರೈವ್‌ಗೆ ಇಲ್ಲಿಂದನ ಹತ್ತೇತಿ.”

ಮಾವ ಫ್ಯಾನ್ ನೋಡತೊಡಗಿದರು. ಅತ್ತೆ ಸೆರಗು ಸರಿಮಾಡಿಕೊಂಡು, “ಹೋಗ್ಲಿ, ಯಾರದಾದ್ರ ಏನ್ರಿ, ಅಳಿಸಿ ಬಿಡ್ರಿ” ಎಂದರು. ನಾನು ಮೌಸ್ ಹಿಡಿದೆ.

“ತಡೀರಿ” ಎಂದಳು ಸೊಸೆ. ತಲೆ ಮೇಲೆ ಸೆರಗು ಹೊದ್ದು, ನೆಟ್ಟಗೆ ಕಂಪ್ಯೂಟರಿನ ಮುಂದೆ ಬಂದು ನಿಂತಳು.

“ಅತ್ತಿಯವರ, ಇದು ಈ ಮನಿಗೆ ನನಗಿಂತ ಮೊದಲ ಬಂದೈತಿ. ಅಂದ್ರ ನನಗ ಹಿರೇದಾತು. ಇವರು ಅಳಸೂ ಮೊದಲ ಒಮ್ಮೆ ನಮಸ್ಕಾರ ಮಾಡ್ಲೇನ್ರಿ?”