ಕಾದಂಬರಿಯ ಕೊಲೆಗಾರನಿಗೆ ಯಾರು ಹೆಣ್ಣು ಕೊಡುತ್ತಾರೆ?

ಕಥೆ ಬರೆಯುವವನ ಮನೆಗೆ ವಾರಕ್ಕೊಬ್ಬರಾದರೂ ಬಂದು "ಅವನ್ನ ಯಾಕ ಕೊಂದ್ರಿ?" ಎಂದು ಕೇಳದೆ ಇರುವುದಿಲ್ಲ. ಬದುಕಿದ್ದವರ ಯೋಗಕ್ಷೇಮ ಯಾರಿಗೂ ಬೇಡ. ಬರೆದವನದಂತೂ ಬೇಡವೇ ಬೇಡ. ಪಂಡಿತರು ಈ ಪ್ರಶ್ನೆಗೆ ಕರುಣರಸ, ವಿಧಿವಿಲಾಸ ಎಂದೆಲ್ಲ ಉತ್ತರ ಕೊಡುತ್ತಾರೆ. ಕೊಡಲಿ, ಪಾಪ. ಅವರು ಎಂದೂ ವಾರಪತ್ರಿಕೆಗೆ ಕಾದಂಬರಿ ಬರೆದವರಲ್ಲ.

ಆಗ ನಾನು ಬೆಳಗಾವಿಯಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನನಾಗಿದ್ದೆ. ಹಗಲೆಲ್ಲ ಕಂಡವರ ಫಿರ್ಯಾದಿ ಬರೆದು, ಸಂಜೆ ಖಡೇಬಜಾರದ ಹಿಂದಿನ ಗಲ್ಲಿಯ ಒಂದು ಛಾಪಖಾನೆಯ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ವಯಸ್ಸು ಮೂವತ್ತಕ್ಕೆ ಬಂದರೂ ಮದುವೆಯಾಗಿರಲಿಲ್ಲ. ಒಂದು ಕಡೆ ಅವ್ವ ನನಗೆ ಹೆಣ್ಣು ಹುಡುಕುತ್ತಿದ್ದಳು, ಇನ್ನೊಂದು ಕಡೆ ನಾನು ಒಬ್ಬೊಬ್ಬರನ್ನೇ ಪರಲೋಕಕ್ಕೆ ಕಳಿಸುತ್ತಿದ್ದೆ. ಈ ಎರಡು ಉದ್ಯೋಗಗಳು ಒಂದಕ್ಕೊಂದು ಅಡ್ಡ ಬರುತ್ತವೆಂದು ನನಗೆ ಮೊದಲು ಹೊಳೆಯಲಿಲ್ಲ.

ಇರುವೆ ತುಳಿಯದವರು

ನಮ್ಮ ಸಂಪಾದಕರು ಜೈನರು. ಛಾಪಖಾನೆಯ ಮಾಲೀಕರೂ ಅವರೇ, ತಪ್ಪು ತಿದ್ದುವವರೂ ಅವರೇ. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಬಾಜು ಸರಿದು ನಡೆಯುವವರು. ದೀಪಕ್ಕೆ ಹುಳು ಬಿದ್ದು ಸಾಯುತ್ತವೆಂದು ಹೊತ್ತು ಮುಳುಗುವ ಮೊದಲೇ ಛಾಪಖಾನೆಗೆ ಕೀಲಿ ಹಾಕುವವರು. ಅಂಥ ದಯಾಳು ಒಂದು ದಿನ ನನ್ನನ್ನು ಕರೆದು ಕೂಡ್ರಿಸಿಕೊಂಡರು.

"ನಿಮ್ಮ ಕಾದಂಬರಿಯೊಳಗ ಮಂದಿ ಭಾಳ ಆಗ್ಯಾರ್ರೀ. ಯಾರು ಯಾರ ಸೊಸಿ ಅಂತ ನನಗ ತಿಳಿವಲ್ದು. ಒಂದು ನಾಕ ಮಂದಿನ್ನ ಕಳಿಸಿಬಿಡ್ರಿ."

"ಎಲ್ಲಿಗೆ ಕಳಿಸ್ಲಿ? ಪುಣೆಕ್ಕ?"

"ಪುಣೆಕ್ಕ ಹೋದವರು ತಿರುಗಿ ಬರ್ತಾರ. ಮ್ಯಾಲ ಕಳಿಸ್ರಿ."

ಸಂಜೆಯೇ ಪ್ಲೇಗು ತಂದೆ. ಆ ಕಾಲದ ಲೇಖಕರಿಗೆ ಪ್ಲೇಗಿನಂಥ ಆಪ್ತಮಿತ್ರ ಬೇರೆ ಇರಲಿಲ್ಲ. ಅಡಿಗೆಮನೆಯಲ್ಲಿ ಒಂದು ಇಲಿ ಬಿದ್ದರೆ ಸಾಕು, ನಾಲ್ಕು ಜನ ಒಂದೇ ಪ್ಯಾರಾದಲ್ಲಿ ಮುಗಿಯುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ರೋಗ ಹುಡುಕುವ ತಾಪತ್ರಯವಿಲ್ಲ. ಆ ನಾಲ್ವರಲ್ಲಿ ನಾಯಕನ ತಂದೆಯೂ ಹೋದ. ಹೋದದ್ದನ್ನು ನಾನು ಮರೆತುಬಿಟ್ಟೆ. ಮುಂದೆ ನಾಯಕನ ಮದುವೆ ಬಂತು. ಹಂದರದಲ್ಲಿ ಆ ತಂದೆ ಜರಿ ರುಮಾಲು ಸುತ್ತಿಕೊಂಡು ಬೀಗರಿಗೆ ಅತ್ತರು ಹಚ್ಚುತ್ತ ಓಡಾಡಿದ.

ಪತ್ರಿಕೆ ಹೊರಬಿದ್ದ ಮರುದಿನ ಒಬ್ಬ ಚಂದಾದಾರರು ಛತ್ರಿ ಊರುತ್ತ ಛಾಪಖಾನೆಗೆ ಬಂದರು. "ಪ್ಲೇಗಿನಾಗ ಸತ್ತಾಂವ ಅತ್ತರ ಹಚ್ಚಲಿಕ್ಕೆ ಹ್ಯಾಂಗ ಬಂದಾ?" ಎಂದು ಗುಡುಗಿದರು. ನಾನು ಅಚ್ಚಿನ ಯಂತ್ರದ ಹಿಂದೆ ಸರಿದೆ. ಸಂಪಾದಕರು ಮಾತ್ರ ತಿದ್ದುತ್ತಿದ್ದ ಕಾಗದದಿಂದ ತಲೆಯನ್ನೇ ಎತ್ತಲಿಲ್ಲ.

"ನಿಮ್ಮ ಮಂದ್ಯಾಗ ಮದವಿಗಿಂತ ಮೊದಲ ನಾಂದಿ ಇಟ್ಟು, ಸತ್ತ ಹಿರ್ಯಾರ್ನ ಕರೀತೀರೋ ಇಲ್ಲೋ?"

"ಕರೀತೇವಿ."

"ಕರದ್ರಿ, ಬಂದಾನ. ಮನಿಗೆ ಬಂದಾಂವಗ ಯಾಕ ಬಂದಿ ಅಂತ ಕೇಳ್ತೀರೇನು?"

ಮಹಾರಾಜರ ಬೇಳೆ

ಖಾನಾಪುರದಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯ ಮಾಲೀಕರು ನನ್ನಿಂದ ನಾಟಕ ಬರೆಸಲು ಬಂದರು. ಕಥೆ ಏನೆಂದು ಅವರು ಕೇಳಲಿಲ್ಲ. "ಕಥಿ ಏನರ ಇರಲಿ, ಎರಡನೇ ಅಂಕದಾಗ ಮಹಾರಾಜ ಸಾಯಬೇಕು" ಎಂದರು.

"ಅಲ್ಲೇ ಯಾಕ್ರೀ? ಕರುಣರಸಕ್ಕೇನು?"

"ರಸಕ್ಕಲ್ರೀ, ಸಾರಿಗೆ. ಮಹಾರಾಜನ ಪಾರ್ಟು ಮಾಡಾಂವ ನಮ್ಮ ಅಡಿಗಿಯಾಂವ. ಅಲ್ಲಿಗೆ ಸತ್ತರ ಆಟ ಮುಗಿಯೂದ್ರಾಗ ಅನ್ನಾ ಸಾರು ಮಾಡ್ತಾನ. ಹೋದ ನಾಟಕದಾಗ ಕಡೀತನಕ ಬದುಕಿದ್ದ, ಕಂಪನಿಯೆಲ್ಲಾ ಚುರಮುರಿ ತಿಂದು ಮಲಗಿತು."

ನಾನು ಮಹಾರಾಜನಿಗೆ ಎರಡನೇ ಅಂಕದಲ್ಲಿ ವಿಷ ಕುಡಿಸಿದೆ. ಸಾಯುವ ಮುನ್ನ ಹಾಡಲು ಒಂದು ಪದ ಕೊಟ್ಟೆ. ಮೊದಲ ಆಟದ ದಿನ ಆ ಪುಣ್ಯಾತ್ಮ ಲೆಕ್ಕ ಹಾಕಿ, ಒಲೆಯ ಮೇಲೆ ಬೇಳೆ ಇಟ್ಟೇ ರಂಗಕ್ಕೆ ಬಂದ. ಹಾಡಿದ, ಬಿದ್ದ, ಸತ್ತ. ಜನ "ಒನ್ಸ್ ಮೋರ್" ಎಂದು ಕೂಗಿದರು. ಎದ್ದು ಹಾಡಿ ಮತ್ತೆ ಸತ್ತ. ಜನ ಮತ್ತೆ ಕೂಗಿದರು. ಅಷ್ಟೊತ್ತಿಗೆ ಪರದೆಯ ಹಿಂದಿನಿಂದ ಸೀದ ವಾಸನೆ ಹೊರಟು ಮುಂದಿನ ಸಾಲಿನವರೆಗೂ ಬಂತು. ಮೂರನೆಯ ಸಲ ಸತ್ತಾಗ ರಾಣಿ ಅವನ ಎದೆಯ ಮೇಲೆ ಬಿದ್ದು, "ಪ್ರಾಣನಾಥಾ, ಒಂದೇ ಒಂದು ಮಾತಾಡು!" ಎಂದು ಗೋಳಾಡಿದಳು.

ಹೆಣ ಒಂದು ಕಣ್ಣು ತೆರೆಯಿತು. "ಬ್ಯಾಳಿ ಹೊತ್ತೈತಿ, ಇಳಸ್ರಿ."

ಮುಂದಿನ ಸಾಲಿನಲ್ಲಿ ದಪ್ಪಗಿನ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, "ಲಗ್ನಾ ಆಗೇದೇನು?" ಎಂದು ಕೇಳಿದರು. ಇಲ್ಲವೆಂದೆ. "ಭಾಳ ಛಲೋ ಆತು. ಇದೇ ಊರಾಗ ನನ್ನ ತಂಗೀ ಮಗಳಿದ್ದಾಳ, ನೋಡ್ಲಿಕ್ಕೆ ಬರ್ರಿ. ಆದ್ರ ಒಂದು ಮಾತು ಮೊದಲ ಹೇಳಿಬಿಡ್ತೀನಿ. ಬ್ಯಾಳಿ ಅಕಿನೂ ಹೊತ್ತಸ್ತಾಳ."

ಛಾಪಿಸಿ ಬಂದ ಸಾವು

ಹುಡುಗಿ ಧಾರವಾಡದಲ್ಲಿ ಓದಿ ಬಂದಿದ್ದಳು. ಓದು ಮುಗಿಯುವುದರೊಳಗೆ ವಯಸ್ಸು ಇಪ್ಪತ್ತು ದಾಟಿತ್ತು, ಹಾಗಾಗಿ ಊರವರ ಬಾಯಿಗೆ ಬಿದ್ದಿದ್ದಳು. ಅವಳ ತಂದೆಗೆ ಹಂಚಿನ ಭಟ್ಟಿ ಇತ್ತು. ಓದಿದರೆ ಮರಾಠಿ ಪತ್ರಿಕೆ ಮಾತ್ರ ಓದುತ್ತಿದ್ದರು. ಆದರೆ ಮನೆ ನಡೆಯುತ್ತಿದ್ದುದು ಅಜ್ಜಿಯ ಮಾತಿನಂತೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ನನ್ನ ಧಾರಾವಾಹಿಯ ಮೇಲೆ ಮಾತ್ರ ಜೀವ. ಪತ್ರಿಕೆ ಬಂದ ಕೂಡಲೇ ಮೊಮ್ಮಗಳು ದೊಡ್ಡ ದನಿಯಲ್ಲಿ ಓದಬೇಕು, ಅಜ್ಜಿ ಕಂಬಕ್ಕೆ ಒರಗಿ ಕೇಳಬೇಕು. ಅವ್ವನಿಗೆ ಇದು ತಿಳಿದು ಆನಂದವಾಯಿತು. ಅರ್ಧ ಲಗ್ನ ಆದಂತೆಯೇ ಎಂದಳು.

ಹೆಣ್ಣು ನೋಡಲು ಹೋಗಬೇಕಾದ ವಾರವೇ ನಾನು ಕಾದಂಬರಿಯಲ್ಲಿ ನಾಯಕಿಯ ಅಜ್ಜನನ್ನು ಸಾಯಿಸಿದ್ದೆ. ದ್ವೇಷವೇನೂ ಇರಲಿಲ್ಲ. ಮುದುಕ ಬಾಯಿ ತೆರೆದರೆ ಎರಡು ಕಾಲಮ್ಮು ಗಾದೆ. ಬರೆಯುವ ನನಗೇ ತಲೆಚಿಟ್ಟು ಹಿಡಿದಿತ್ತು. ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣಲಿಲ್ಲ.

ನಾನೂ ಅವ್ವನೂ ತೆಂಗಿನಕಾಯಿ, ಹೂವು ಹಿಡಿದುಕೊಂಡು ಖಾನಾಪುರದಲ್ಲಿ ರೈಲು ಇಳಿದು ಆ ಮನೆಗೆ ಹೋದರೆ, ಹುಡುಗಿಯ ತಂದೆ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತಿದ್ದರು.

"ಒಳಗ ಬರಬ್ಯಾಡ್ರಿ. ಸೂತಕ ಬಂದದ."

"ಅಯ್ಯ ದೇವರ! ಯಾರು ಹೋದ್ರಿ?" ಎಂದು ಅವ್ವ ಗಲ್ಲಕ್ಕೆ ಕೈ ಹಚ್ಚಿದಳು.

ಅವರ ಮುಖ ಕೆಂಪಾಯಿತು. "ನಿಮ್ಮ ಮಗನ ಕಾದಂಬರ್ಯಾಗಿನ ಅಜ್ಜ."

ಒಳಗಿನಿಂದ ಅಜ್ಜಿಯ ದನಿ ಬಂತು. "ಅಂವಾ ನಂದಗಡದಾಂವ, ಕಾಶ್ಯಪ ಗೋತ್ರದಾಂವ ಅಂತ ನೀನ ಬರದೀಯಲ್ಲಪಾ? ನಂದಗಡದಾಗ ಕಾಶ್ಯಪ ಗೋತ್ರದವರು ನಮ್ಮ ಮಾವನವರ ಮನೆತನ ಬಿಟ್ಟರ ಬ್ಯಾರೆ ಯಾರಿದ್ರು? ನಮ್ಮ ದಾಯಾದಿನ ಅಂವಾ."

"ಅಜ್ಜೀ, ಅಂವಾ ಖರೇ ಇದ್ದವನ ಅಲ್ಲ. ನಾನ ಹುಟ್ಟಿಸಿದ್ದು."

"ಯಾರು ಹುಟ್ಟಿಸಿದರೇನು? ಸತ್ತದ್ದು ಖರೇ ಹೌದಲ್ಲೋ? ಛಾಪಿಸಿ ಬಂದದ."

ಹತ್ತು ದಿನದ ಸೂತಕ. ತಂದೆ ಕೈ ಮುಗಿದರು. ಭಟ್ಟಿಯಲ್ಲಿ ಎಷ್ಟೇ ಬೆಂಕಿ ಹಾಕಿಸಿದರೂ ತಾಯಿಯ ಮುಂದೆ ಅವರದು ತಣ್ಣೀರು. ಅವ್ವ ಅಂಗಳದಲ್ಲೇ ನನ್ನ ಕಡೆ ತಿರುಗಿದಳು. "ಹಾಳಾದವನ! ಆ ಮುದುಕನ್ನ ಇನ್ನೊಂದು ವಾರ ತಡದು ಕೊಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಕೆಮ್ಮು

ಸೂತಕ ಕಳೆದ ಮೇಲೆ ಮತ್ತೆ ಹೋದೆವು. ಈ ಸಲ ಒಳಗೆ ಕರೆದರು. ಅವಲಕ್ಕಿ, ಶಿರಾ ಬಂದವು. ಹಿಂದೆಯೇ ಹುಡುಗಿ ಬಂದಳು. ತಲೆ ತಗ್ಗಿಸಿ ಕೂಡ್ರುವ ಬದಲು ಅವಳು ನನ್ನನ್ನು ನೆಟ್ಟಗೆ ನೋಡಿದಳು, ತಲೆ ತಗ್ಗಿಸಿದವನು ನಾನು. ಮುಚ್ಚಿಟ್ಟು ಏನು ಮಾಡಲಿ, ಆ ಕ್ಷಣವೇ ನನಗೆ ಅವಳು ಮನಸ್ಸಿಗೆ ಬಂದಳು. ಇವಳಲ್ಲದಿದ್ದರೆ ಇನ್ಯಾರೂ ಬೇಡ ಅನ್ನಿಸಿತು.

ಆಗ ಅಜ್ಜಿ ಪರೀಕ್ಷೆ ಶುರುಮಾಡಿದರು.

"ನಿನ್ನ ಮೊದಲನೇ ಕಾದಂಬರ್ಯಾಗ ನಾಯಕನ ಹೆಂಡತಿ ಏನಾದಳು?"

"ಬಾವಿಗೆ ಬಿದ್ದಳ್ರೀ."

"ಎರಡನೇದ್ರಾಗ?"

"ಹಾವು ಕಡೀತು."

"ಈಗಿನಾಕಿ?"

"ಈಗಿನಾಕಿ ಬದುಕ್ಯಾಳ್ರೀ ಅಜ್ಜಿ!" ಎಂದೆ ಉತ್ಸಾಹದಿಂದ.

"ಹೋದ ವಾರ ಕೆಮ್ಮಲಿಕ್ಕೆ ಹತ್ಯಾಳ. ಕಾದಂಬರ್ಯಾಗ ಕೆಮ್ಮಿದಾಕಿ ಉಳದದ್ದು ನಾ ಎಲ್ಲೂ ಕೇಳಿಲ್ಲ."

ಅಜ್ಜಿ ಮೇಲೆ ಬೆರಳು ತೋರಿಸಿದರು. "ಮನೀ ಮ್ಯಾಲ ಅಸ್ತು ದೇವತಿಗಳು ಓಡಾಡ್ತಿರ್ತಾವಪಾ. ಹೆಂಡತಿ ಸತ್ತಳು, ಹೆಂಡತಿ ಸತ್ತಳು ಅಂತ ನೀ ಬರಕೋತ ಕೂತರ, ಒಂದಿನ ಅವೂ ಅಸ್ತು ಅಂದುಬಿಡ್ತಾವ. ಅಕಿ ಕೆಮ್ಮು ವಾಸಿ ಮಾಡು, ನಮ್ಮ ಹುಡಗೀನ್ನ ಕೊಡ್ತೀವಿ. ಅಕಿ ಹೋದರ ಈ ಸಂಬಂಧಾನೂ ಹೋತು."

ಇಷ್ಟೇ ತಾನೆ, ಒಂದು ಕಷಾಯ ಕುಡಿಸಿದರಾಯಿತು ಎಂದು ಬೆಳಗಾವಿಗೆ ಬಂದೆ. ಸಂಪಾದಕರು ಕೇಳಿ ಹಣೆ ಬಡಿದುಕೊಂಡರು.

"ಮುಂದಿನ ವಾರ ಎದಿ ಒಡಿಯೂ ಸಾವು ಅಂತ ಆಗಲೇ ದೊಡ್ಡ ಅಕ್ಷರದಾಗ ಹಾಕೀನಿ! ಇಲ್ಲೇ ಶಹಾಪುರ ಪ್ಯಾಟ್ಯಾಗಿನ ಹೆಣ್ಣಮಕ್ಕಳೆಲ್ಲಾ ಅಳಾಕ ತಯಾರಾಗಿ ಕುಂತಾರ. ಅಕಿ ಸಾಯಲಿಲ್ಲಂದ್ರ ನನ್ನ ಪತ್ರಿಕಿ ಸಾಯ್ತೈತಿ."

"ಮತ್ತ ನನ್ನ ಲಗ್ನಾ?"

ಅವರ ಮೇಜಿನ ಮೇಲೆ ಒಂದು ಇರುವೆ ಮಸಿಯ ಕಡೆ ಹೊರಟಿತ್ತು. ಸಂಪಾದಕರು ಅದನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು, ಉಸಿರು ಬಿಗಿಹಿಡಿದು ಕಿಟಕಿಯವರೆಗೆ ಒಯ್ದು, ಗೋಡೆಯ ಮೇಲೆ ಮೆಲ್ಲಗೆ ಇಳಿಸಿ ಬಂದರು. ಬಂದು ಕುಳಿತು ಹೇಳಿದರು: "ಅಕಿನ್ನ ಕೊಲ್ರಿ."

ಓದುವಾಕೆ

ನನ್ನ ಅವಸ್ಥೆ ಅತ್ತ ದರಿ ಇತ್ತ ಪುಲಿ. ಹೆಂಡತಿ ಬದುಕಿದರೆ ಬರವಣಿಗೆ ಹೋಗುತ್ತದೆ, ಸತ್ತರೆ ಹೆಂಡತಿಯೇ ಬರುವುದಿಲ್ಲ. ಕೊನೆಗೆ ಒಬ್ಬನೇ ಖಾನಾಪುರಕ್ಕೆ ಹೋಗಿ ಅಜ್ಜಿಯ ಕಾಲು ಹಿಡಿದೆ. "ಆಶೀರ್ವಾದ ಬೇಕಾದಷ್ಟು ತೊಗೊ. ಅಕಿ ಮಾತ್ರ ಸಾಯಬಾರದು" ಎಂದುಬಿಟ್ಟರು. ಅಳು ಬಂದಂತಾಗಿ ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟುತ್ತಿದ್ದಾಗ, ಹುಡುಗಿ ಎಲೆಯಡಿಕೆ ಕೊಡುವ ನೆಪದಲ್ಲಿ ಹಿಂದೆ ಬಂದಳು.

"ಯಾಕ ಮಾರಿ ಸಣ್ಣದು ಮಾಡೀರಿ? ಕೊಂದುಬಿಡ್ರಿ ಅಕಿನ್ನ. ಆ ಕೆಮ್ಮು ಓದಿ ಓದಿ ನನಗೂ ಬ್ಯಾಸರಾಗೇದ."

"ನಿಮ್ಮಜ್ಜಿ ಸುಮ್ಮನಿರ್ತಾರೇನು?"

"ಅಜ್ಜಿಗೆ ಓದಿ ಹೇಳಾಕಿ ನಾನಲ್ಲೇನ್ರೀ?"

ಆ ಧೈರ್ಯದಲ್ಲಿ ಕೈ ಬಿಚ್ಚಿ ಕೊಂದೆ. ಎರಡು ಪುಟ ತುಂಬ ಸಾಯಿಸಿದೆ. ಶಹಾಪುರ ಅತ್ತಿತು, ಠಳಕವಾಡಿ ಅತ್ತಿತು, ಸಂಪಾದಕರು ಧೋತರದ ಚುಂಗಿನಿಂದ ಮೂಗು ಒರೆಸಿಕೊಳ್ಳುತ್ತ ಹೆಚ್ಚಿನ ಪ್ರತಿ ಹಾಕಿಸಿದರು. ಅದೇ ವಾರ ಖಾನಾಪುರದಲ್ಲಿ ಆಕೆಯ ಕೆಮ್ಮು ಪೂರ್ತಿ ವಾಸಿಯಾಯಿತು. ಲಗ್ನ ನಿಶ್ಚಯವಾಯಿತು. ಮುಂದೆ ಬೆಳಗಾವಿಯಲ್ಲಿ ನನ್ನ ನಾಯಕ ಗಡ್ಡ ಬಿಟ್ಟುಕೊಂಡು ತೀರ್ಥಯಾತ್ರೆ ಮಾಡುತ್ತಿದ್ದ; ಖಾನಾಪುರದಲ್ಲಿ ಅವನು ಏನು ಮಾಡುತ್ತಿದ್ದನೋ ನನಗೆ ಗೊತ್ತಿರಲಿಲ್ಲ. ಕೇಳುವ ಗೋಜಿಗೂ ಹೋಗಲಿಲ್ಲ. ತಾಳಿ ಕಟ್ಟುವವರೆಗೆ ನಡೆದರೆ ಸಾಕಾಗಿತ್ತು.

ಲಗ್ನದ ಮರುದಿನ ಹೆಣ್ಣಿನ ಮನೆಯಲ್ಲಿ ಊಟ. ಹೊಸ ಸೊಸೆ ತನ್ನ ಕೈಯಾರೆ ಅತ್ತೆಗೆ ಸಿಹಿ ಬಡಿಸಬೇಕು. ನಾನು ಒಂದು ಮಣೆಯ ಮೇಲೆ, ಅವ್ವ ಪಕ್ಕದ ಮಣೆಯ ಮೇಲೆ. ಅಜ್ಜಿ ಎದುರಿನ ಕಂಬಕ್ಕೆ ಒರಗಿ ಕುಳಿತು ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದರು.

"ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ. ಮೊದಲ ನೀ ಭಾಳ ಕೆಟ್ಟ ಬರೀತಿದ್ದಿ. ಅಕಿ ಕೆಮ್ಮು ವಾಸಿ ಆದ ಮ್ಯಾಲ ನೋಡು, ನಿನ್ನ ಬರವಣಿಗಿಗೆ ಕಳೆ ಬಂತು."

"ಎಲ್ಲಾ ನಿಮ್ಮ ಆಶೀರ್ವಾದ" ಎಂದೆ. ಆ ಬರವಣಿಗೆ ನನ್ನದಲ್ಲವೆಂದು ಹೇಳುವ ಹಾಗಿರಲಿಲ್ಲ.

"ಅದ್ರಾಗೂ ಆ ಅತ್ತಿನ್ನ ಕೊಂದಿ ನೋಡು! ಮೂರು ಸರ್ತಿ ಓದಿಸಿ ಕೇಳಿದೆ. ಎಷ್ಟು ನಕ್ಕೆ ಅಂತೀ!"

ಅವ್ವನ ಕೈ ತುತ್ತಿನೊಡನೆ ಅಲ್ಲೇ ನಿಂತಿತು. "ಯಾವ ಅತ್ತಿರೀ?"

"ನಾಯಕನ ತಾಯಿ. ಮಗಾ ಬರದದ್ದು ನೀವು ಯಾರ ಕಡಿಂದನೂ ಓದಿಸಿ ಕೇಳಿಲ್ಲೇನು?"

ನಾನು ಬರೆದ ಕಾದಂಬರಿಯಲ್ಲಿ ನಾಯಕನ ತಾಯಿ ಗುಂಡುಕಲ್ಲಿನ ಹಾಗೆ ಇದ್ದಳು. ಮಗನ ಜೊತೆ ಕಾಶಿ ತಲುಪಿದ್ದಳು. ಅಡಿಗೆಮನೆಯ ಕಡೆ ನೋಡಿದೆ. ನನ್ನ ಹೊಸ ಹೆಂಡತಿ ಕೈಯಲ್ಲಿ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಈಗ ಅವಳ ತಲೆ ಪೂರ್ತಿ ತಗ್ಗಿತ್ತು.

"ಹ್ಯಾಂಗ ಸತ್ತಳು?" ಎಂದಳು ಅವ್ವ.

"ಸೊಸಿ ಪ್ರೀತಿಲೆ ಪಾಯಸಾ ಮಾಡಿ ಬಡಿಸಿದ್ಳು. ಆಶೆಬುರುಕಿ, ಬ್ಯಾಡ ಅನ್ನಲಿಲ್ಲ, ಬಟ್ಟಲ ಮ್ಯಾಲ ಬಟ್ಟಲ ಉಂಡಳು. ಉಂಡಲ್ಲೇ ಹೋದಳು."

ಅದೇ ಹೊತ್ತಿಗೆ ಹೆಂಡತಿ ಬಂದು ಅವ್ವನ ಎಲೆಯ ಮುಂದೆ ಬಗ್ಗಿದಳು. ಪಾತ್ರೆಯಲ್ಲಿ ಪಾಯಸವಿತ್ತು. ಅವ್ವ ಎರಡೂ ಕೈ ಎಲೆಗೆ ಅಡ್ಡ ಹಿಡಿದು ಹೇಳಿದಳು:

"ನನಗ ಬ್ಯಾಡವಾ. ಅವಗ ಬಡಸು. ಬರದಾಂವ ಅಂವಾ."